ಮೆಚ್ಚಿದ್ದೂ ಅವರೇ, ಅನ್‌ಫಾಲೋ ಮಾಡಿದ್ದೂ ಅವರೇ

2024ರ ಆಗಸ್ಟ್ 13. ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಎರಡು ಪದಕ ತಂದ ಟೇಬಲ್ ಟೆನಿಸ್ ಆಟಗಾರ್ತಿ ಹಿನಾ ಹಯಾತಾ ಅವರಿಗೆ ಜಪಾನಿನ ಪತ್ರಕರ್ತರು ಕೇಳಿದ್ದು ತೀರಾ ಮಾಮೂಲಿ ಪ್ರಶ್ನೆ. ಈಗ ಬಿಡುವಾಯಿತಲ್ಲ, ಏನು ಮಾಡಬೇಕು ಅಂದುಕೊಂಡಿದ್ದೀರಿ? ಅವರು ಎರಡು ಜಾಗದ ಹೆಸರು ಹೇಳಿದರು. ಒಂದು, ಫುಕುವೊಕಾದ ಅನ್‌ಪಾನ್‌ಮ್ಯಾನ್ ಮ್ಯೂಸಿಯಂ. ತಲೆಯೇ ಬನ್ನಾಗಿರುವ ಕಾರ್ಟೂನ್ ನಾಯಕನ ಈ ಜಾಗಕ್ಕೆ ಜಪಾನಿನ ಪುಟ್ಟ ಮಕ್ಕಳು ಮುಗಿಬೀಳುತ್ತಾರೆ. ಇನ್ನೊಂದು, ಕಾಗೊಶಿಮಾದಲ್ಲಿರುವ, ಎರಡನೇ ಮಹಾಯುದ್ಧದಲ್ಲಿ ಆತ್ಮಾಹುತಿ ದಾಳಿ ಮಾಡಿದ ಕಾಮಿಕಾಜೆ ಪೈಲಟ್‌ಗಳ ಸ್ಮಾರಕ ಮ್ಯೂಸಿಯಂ. ತಾನು ಬದುಕಿರುವುದು, ಇಷ್ಟಪಟ್ಟ ಆಟ ಆಡಲು ಆಗುತ್ತಿರುವುದು ಸುಮ್ಮನೆ ಸಿಕ್ಕಿದ್ದಲ್ಲ ಎಂಬುದನ್ನು ಅಲ್ಲಿ ಹೋಗಿ ಮನಗಾಣಬೇಕು ಎಂಬರ್ಥದ ಮಾತನ್ನೂ ಸೇರಿಸಿದರು.

ಬನ್ನಿನ ನಾಯಕನನ್ನು ಯಾರೂ ಗಮನಿಸಲಿಲ್ಲ. ಎರಡನೇ ಉತ್ತರ ಮಾತ್ರ ಹೊತ್ತು ಕಳೆಯುವುದರೊಳಗೆ ಚೀನಾದ ಸಾಮಾಜಿಕ ಜಾಲತಾಣ ವೈಬೊ ತಲುಪಿತ್ತು. ಹಯಾತಾ ಅವರನ್ನು ಅಷ್ಟು ದಿನ ‘ನಮ್ಮ ಹುಡುಗಿಯ ಗೆಳತಿ’ ಎಂದು ಮುದ್ದು ಮಾಡುತ್ತಿದ್ದ ಖಾತೆಗಳೇ ಈಗ ಬೈಯತೊಡಗಿದವು. ವಿಶ್ವದ ನಂಬರ್ ಒನ್ ಆಟಗಾರ್ತಿ ಸುನ್ ಯಿಂಗ್‌ಶಾ ಮತ್ತು ಪ್ಯಾರಿಸ್‌ನ ಪುರುಷರ ಸಿಂಗಲ್ಸ್ ಚಿನ್ನ ಗೆದ್ದ ಫಾನ್ ಝೆನ್‌ಡಾಂಗ್ ವೈಬೊದಲ್ಲಿ ಹಯಾತಾ ಅವರನ್ನು ಅನ್‌ಫಾಲೋ ಮಾಡಿದ್ದನ್ನು ಯಾರೋ ಪತ್ತೆ ಹಚ್ಚಿದರು. ಅದೂ ಸುದ್ದಿಯಾಯಿತು, ಜಪಾನಿನಲ್ಲಿ ಮಾತ್ರವಲ್ಲ, ದೇಶ ದೇಶಗಳಲ್ಲಿ.

ಮೊಬೈಲಿನಲ್ಲಿ ಒಂದು ಬಟನ್ ಒತ್ತಿದ್ದು ಅಂತರರಾಷ್ಟ್ರೀಯ ಸುದ್ದಿ ಆದದ್ದು ಹೇಗೆ ಅನ್ನುವುದಕ್ಕೆ ಆ ಆಟದ ನಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಪಾನಿನ ಟಿಟಿ ಆಟಗಾರರ ಆನ್‌ಲೈನ್ ಜನಪ್ರಿಯತೆಯ ದೊಡ್ಡ ಪಾಲು ಹುಟ್ಟುವುದು ಜಪಾನಿನಲ್ಲಲ್ಲ, ಚೀನಾದಲ್ಲಿ. ಅಲ್ಲಿಯ ಪ್ರೇಕ್ಷಕರು ಜಪಾನಿನ ಪ್ರತಿಯೊಬ್ಬ ದೊಡ್ಡ ಆಟಗಾರನಿಗೂ ಒಂದು ಪಾತ್ರ ಕೊಟ್ಟುಬಿಟ್ಟಿರುತ್ತಾರೆ. ಆಟ ಎಷ್ಟು ಚೆನ್ನ ಅನ್ನುವುದು ಆಮೇಲಿನ ಮಾತು. ಪಾತ್ರದೊಳಗೆ ಇದ್ದಷ್ಟು ದಿನ ಮೆಚ್ಚುಗೆ, ಹೊರಗೆ ಕಾಲಿಟ್ಟ ದಿನ ಬೈಗುಳ. ಹಯಾತಾ ಕತೆ ಇದರ ಅತಿ ಸ್ಪಷ್ಟ ಉದಾಹರಣೆ ಅಂತ ನನಗನಿಸುತ್ತದೆ.

ಹಯಾತಾ ಹುಟ್ಟಿದ್ದು 2000ದ ಜುಲೈ 7ರಂದು, ಕ್ಯೂಶು ದ್ವೀಪದ ಕಿತಾಕ್ಯೂಶು ನಗರದಲ್ಲಿ. ನಾಲ್ಕನೇ ವಯಸ್ಸಿಗೆ, ಅಕ್ಕನ ಹಿಂದೆ ಹಿಂದೆ ಹೋಗಿ ಊರಿನ ಇಶಿದಾ ಕ್ಲಬ್ ಸೇರಿದವರು. ಎಡಗೈ ಆಟ. ಅದೇ ವರ್ಷ ಹುಟ್ಟಿದ ಇನ್ನಿಬ್ಬರು, ಮಿಮಾ ಇತೊ ಮತ್ತು ಮಿಯು ಹಿರಾನೊ, ಹದಿಮೂರಕ್ಕೇ ಜರ್ಮನ್ ಓಪನ್ ಡಬಲ್ಸ್ ಗೆದ್ದು ಜಪಾನಿನ ಮನೆಮಾತಾಗಿದ್ದರು. ಜಪಾನಿನ ಪತ್ರಿಕೆಗಳು ಮೂವರನ್ನೂ ಸೇರಿಸಿ ‘ಸುವರ್ಣ ಪೀಳಿಗೆ’ ಎಂದು ಬರೆದರೂ ಹಯಾತಾ ಬಹುಕಾಲ ಆ ಪಟ್ಟಿಯ ಕೊನೆಯ ಹೆಸರು. 2020ರ ಜನವರಿಯಲ್ಲಿ ರಾಷ್ಟ್ರೀಯ ಸಿಂಗಲ್ಸ್ ಗೆದ್ದರೂ ಟೋಕಿಯೊ ಒಲಿಂಪಿಕ್ಸ್‌ಗೆ ಸಿಕ್ಕಿದ್ದು ಮೀಸಲು ಆಟಗಾರ್ತಿಯ ಜಾಗ. ಗೆಳತಿಯರು ಪದಕ ಗೆಲ್ಲುವಾಗ ಅವರು ಚೆಂಡು ಹಾಕಿಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು.

ಅವರನ್ನು ಜಪಾನಿನಾಚೆಗೆ ಪರಿಚಯಿಸಿದ್ದು 2023ರ ಮೇ ತಿಂಗಳ ಡರ್ಬನ್ ವಿಶ್ವ ಚಾಂಪಿಯನ್‌ಷಿಪ್. ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದ ವಾಂಗ್ ಯಿದಿ ಎದುರು ಏಳನೇ ಗೇಮ್. 11ಕ್ಕೆ ಮುಗಿಯಬೇಕಾದ ಗೇಮ್ 21–19ರವರೆಗೆ ಹೋಯಿತು. ಒಂಬತ್ತು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಹಯಾತಾ ಗೆದ್ದರು. ಆ ಒಂದೇ ಗೇಮಿನ ತುಣುಕು ಎಷ್ಟು ಕಡೆ ಹರಿದಾಡಿತೆಂದರೆ, ಟಿಟಿ ಎಂದರೆ ಶಾಲೆಯ ಒಳಾಂಗಣದ ಆಟ ಎಂದುಕೊಂಡವರೂ ನೋಡಿ ಬೆಚ್ಚಿದರು.

ಇಲ್ಲಿ ಆಟದ ಸ್ವರೂಪದ ಬಗ್ಗೆ ಒಂದು ಮಾತು. ಟೇಬಲ್ ಟೆನಿಸ್ ಮೊಬೈಲ್ ಪರದೆಗೆಂದೇ ಮಾಡಿಟ್ಟಂತಿರುವ ಆಟ. 2000ದಲ್ಲಿ ಚೆಂಡಿನ ವ್ಯಾಸವನ್ನು 38 ಮಿಲಿಮೀಟರಿನಿಂದ 40ಕ್ಕೆ ಹಿಗ್ಗಿಸಿದರು, ವೇಗ ಸ್ವಲ್ಪ ತಗ್ಗಿ ಟಿವಿಯಲ್ಲಿ ಚೆಂಡು ಕಾಣಲಿ ಅಂತ. ಮರುವರ್ಷ 21 ಅಂಕದ ಗೇಮನ್ನು 11ಕ್ಕೆ ಇಳಿಸಿದರು, ರೋಚಕ ಗಳಿಗೆಗಳು ಬೇಗ ಬೇಗ ಬರಲಿ ಅಂತ. ಎರಡನ್ನೂ ಮಾಡಿದ್ದು ಟಿವಿಗಾಗಿ. ಲಾಭ ಸಿಕ್ಕಿದ್ದು ಇಪ್ಪತ್ತು ವರ್ಷ ಬಿಟ್ಟು ಬಂದ ಕಿರು ವಿಡಿಯೊ ಆ್ಯಪ್‌ಗಳಿಗೆ. ಒಂದು ರ್‍ಯಾಲಿ ಕೆಲವೇ ಸೆಕೆಂಡು. ಇಬ್ಬರು ಆಟಗಾರರೂ, ಟೇಬಲ್ಲೂ, ಚೆಂಡೂ ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತವೆ. ಅಂಕ ಮುಗಿದ ಕೂಡಲೇ ಕ್ಯಾಮೆರಾ ನೇರ ಮುಖಕ್ಕೆ ಹೋಗುತ್ತದೆ. ಹೆಲ್ಮೆಟ್ ಇಲ್ಲ, ಗ್ರಿಲ್ ಇಲ್ಲ, ಬೌಂಡರಿ ಗೆರೆಯಷ್ಟು ದೂರವಿಲ್ಲ. ಆಟಗಾರ ಕಿರುಚಿದ್ದು, ತುಟಿ ಕಚ್ಚಿದ್ದು, ಅಂಗೈಯ ಬೆವರನ್ನು ಟೇಬಲ್ಲಿಗೆ ಒರೆಸಿದ್ದು ಎಲ್ಲ ಕಾಣುತ್ತದೆ. ಕ್ರಿಕೆಟಿಗರ ಮುಖ ನಮಗೆ ಪರಿಚಿತವಾಗಲು ವರ್ಷಗಳು ಬೇಕಾದರೆ ಟಿಟಿಯವರ ಮುಖ ಒಂದೇ ಪಂದ್ಯದಲ್ಲಿ ಬಾಯಿಪಾಠವಾಗುತ್ತದೆ.

ಇನ್ನು ಪ್ರೇಕ್ಷಕರು. ಚೀನಾಕ್ಕೆ ಈ ಆಟ ಬರೀ ಆಟವಲ್ಲ. ಯಾವುದೇ ಕ್ರೀಡೆಯಲ್ಲಿ 1949ರ ನಂತರದ ಹೊಸ ಚೀನಾಕ್ಕೆ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದು ಟೇಬಲ್ ಟೆನಿಸ್, 1959ರಲ್ಲಿ, ರೊಂಗ್ ಗುವೊತುವಾನ್ ಮೂಲಕ. 1988ರಲ್ಲಿ ಒಲಿಂಪಿಕ್ಸ್‌ಗೆ ಸೇರಿದಾಗಿನಿಂದ ಪ್ಯಾರಿಸ್‌ವರೆಗೆ ಕೊಟ್ಟ 42 ಚಿನ್ನಗಳಲ್ಲಿ 37 ಚೀನಾದ ಪಾಲು. ಇಂಥ ದೇಶಕ್ಕೆ ಎದುರಾಳಿಯೇ ಒಂದು ಅಪರೂಪದ ವಸ್ತು. ಎದುರಾಳಿ ಜಪಾನ್ ಆಗಿಬಿಟ್ಟರೆ ಅದಕ್ಕೆ ಇತಿಹಾಸದ ಭಾರವೂ ಸೇರುತ್ತದೆ. ಅಂದಹಾಗೆ, 1950ರ ದಶಕದಲ್ಲಿ ಲೆಕ್ಕ ತಿರುಗಾಮುರುಗವಾಗಿತ್ತು. ಆಗ ಜಪಾನ್ ರಾಜ, ಚೀನಾ ಕಲಿಯುವ ಹುಡುಗ. ಆ ಜಪಾನಿ ಯುಗ ಶುರುವಾದದ್ದು ನಮ್ಮ ಮುಂಬೈಯಲ್ಲಿ. 1952ರ ವಿಶ್ವ ಚಾಂಪಿಯನ್‌ಷಿಪ್‌ಗೆ ಹಿರೋಜಿ ಸಾತೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ಹಿಡಿದು ಬಂದರು. ಚೆಂಡು ಬಡಿದ ಸದ್ದೇ ಕೇಳಿಸದೆ ಯುರೋಪಿನ ಘಟಾನುಘಟಿಗಳು ಕಂಗಾಲಾದರು, ಸಾತೊ ಚಾಂಪಿಯನ್ ಆದರು.

ಎರಡು ದೇಶಗಳ ಇಂಟರ್ನೆಟ್ ಮಾತ್ರ ಒಂದೇ ಅಲ್ಲ. ಜಪಾನಿನ ಅಭಿಮಾನಿಗಳಿರುವುದು ಎಕ್ಸ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ. ಮೂರಕ್ಕೂ ಚೀನಾದಲ್ಲಿ ಪ್ರವೇಶವಿಲ್ಲ. ಅಲ್ಲಿಯವರದು ವೈಬೊ, ದೌಯಿನ್, ಶಿಯಾವ್‌ಹಾಂಗ್‌ಶು. ನಡುವೆ ಒಂದು ಗೋಡೆ. ಆದರೆ ಗೋಡೆ ದಾಟಿಸುವವರೂ ಇದ್ದಾರೆ. ಜಪಾನಿ ಓದಬಲ್ಲ ಚೀನೀ ಅಭಿಮಾನಿಗಳು ಸಂದರ್ಶನ, ಇನ್‌ಸ್ಟಾಗ್ರಾಂ ಚಿತ್ರ, ಟಿವಿ ಕಾರ್ಯಕ್ರಮದ ತುಣುಕುಗಳನ್ನು ಅನುವಾದಿಸಿ ಆ ಬದಿಗೆ ಹಾಕುತ್ತಾರೆ. ಗೋಡೆಯ ಆಚೆ ತಲುಪುವುದು ಯಾವಾಗಲೂ ತುಣುಕೇ, ಇಡೀ ಮಾತುಕತೆಯಲ್ಲ. ಮುದ್ದಾದ ತುಣುಕು ಹೋದರೆ ಪ್ರೀತಿ ಬರುತ್ತದೆ, ಕಹಿ ತುಣುಕು ಹೋದರೆ ಸಿಟ್ಟು ಬರುತ್ತದೆ. ಎರಡಕ್ಕೂ ಆಟಗಾರ ಉತ್ತರ ಕೊಡುವಷ್ಟರಲ್ಲಿ ಕಾಲ ಮೀರಿರುತ್ತದೆ. ಅದಕ್ಕೇ ಬುದ್ಧಿವಂತ ಆಟಗಾರರು ತಾವೇ ವೈಬೊ ಖಾತೆ ತೆರೆದು ಆ ಬದಿಯಲ್ಲೂ ಒಂದು ಮನೆ ಮಾಡಿಕೊಳ್ಳುತ್ತಾರೆ.

ಈ ಮನೆ ಮಾಡಿಕೊಂಡವರಲ್ಲಿ ಎಲ್ಲರಿಗಿಂತ ಮುಂದಿನವರು ಆಯಿ ಫುಕುಹರಾ. 1988ರಲ್ಲಿ ಸೆಂದಾಯಿಯಲ್ಲಿ ಹುಟ್ಟಿ, ಮೂರು ವರ್ಷ ಒಂಬತ್ತು ತಿಂಗಳಿಗೆ ಬ್ಯಾಟ್ ಹಿಡಿದವರು. ಟೇಬಲ್ಲಿನ ಎತ್ತರಕ್ಕೂ ಬಾರದ ಮಗು ಅಮ್ಮನ ಎದುರು ಅಳುತ್ತಾ ಅಳುತ್ತಾ ಚೆಂಡು ಹೊಡೆಯುವ ದೃಶ್ಯವನ್ನು ಜಪಾನಿನ ಟಿವಿ ಮತ್ತೆ ಮತ್ತೆ ತೋರಿಸಿ, ‘ಅಳುಬುರುಕಿ ಆಯಿ’ಯನ್ನು ದೇಶದ ಮಗಳನ್ನಾಗಿ ಮಾಡಿತು. ಇಂಟರ್ನೆಟ್ ಬರುವ ಮೊದಲೇ ವೈರಲ್ ಆದ ಮಗು ಅದು. ಮುಂದೆ ಅವರು ತರಬೇತಿಗೆ ಚೀನಾದ ಈಶಾನ್ಯಕ್ಕೆ ಹೋದರು, 2005ರಲ್ಲಿ ಲಿಯಾವೊನಿಂಗ್ ತಂಡದ ಪರವಾಗಿ ಚೀನಾದ ಸೂಪರ್ ಲೀಗ್ ಆಡಿದರು. ಚೀನೀ ಭಾಷೆ ಕಲಿತದ್ದಷ್ಟೇ ಅಲ್ಲ, ಈಶಾನ್ಯದ ಹಳ್ಳಿಗಾಡಿನ ರಾಗದಲ್ಲೇ ಕಲಿತರು. ಬೆಳ್ಳನೆ ಬೊಂಬೆಯಂಥ ಜಪಾನಿ ಹುಡುಗಿ ಬಾಯಿ ತೆರೆದರೆ ಅಚ್ಚ ಊರ ಹೆಂಗಸಿನ ಮಾತು. ಚೀನೀಯರು ನಕ್ಕು ನಕ್ಕು ಸೋತುಹೋದರು. ‘ಪಿಂಗಾಣಿ ಬೊಂಬೆ’ ಎಂದು ಹೆಸರಿಟ್ಟರು.

ಸರ್ಕಾರಗಳಿಗೂ ಈ ಪ್ರೀತಿ ಉಪಯೋಗಕ್ಕೆ ಬಂತು. 2008ರ ಮೇ ತಿಂಗಳಲ್ಲಿ ಜಪಾನಿಗೆ ಬಂದ ಚೀನಾದ ಅಧ್ಯಕ್ಷ ಹು ಜಿಂತಾವ್ ವಾಸೆದಾ ವಿಶ್ವವಿದ್ಯಾಲಯದಲ್ಲಿ ಕೋಟು ಕಳಚಿ ಬ್ಯಾಟ್ ಹಿಡಿದಾಗ ಎದುರಿಗೆ ನಿಂತಿದ್ದವರು ಫುಕುಹರಾ. ಕೆಲವೇ ತಿಂಗಳಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಧ್ವಜ ಹಿಡಿದು ನಡೆದವರೂ ಅವರೇ. ವೈಬೊ ಬಂದ ಮೇಲೆ ಲಕ್ಷಗಟ್ಟಲೆ ಜನ ಹಿಂದೆ ಬಿದ್ದರು. ಗಮನಿಸಬೇಕಾದ ಅಂಶವೊಂದಿದೆ: ಫುಕುಹರಾ ಚೀನಾದ ಅಗ್ರ ಆಟಗಾರ್ತಿಯರಿಗೆ ನಿಜವಾದ ಕಂಟಕ ಎಂದೂ ಆಗಲಿಲ್ಲ. 2012ರಲ್ಲಿ ಲಂಡನ್‌ನಲ್ಲಿ ತಂಡದ ಬೆಳ್ಳಿ, 2016ರಲ್ಲಿ ರಿಯೊದಲ್ಲಿ ತಂಡದ ಕಂಚು. ರಿಯೊ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ಲಿ ಶಿಯಾವ್‌ಶಿಯಾ ಎದುರು 0–4. ಸಾಕುಮಗಳನ್ನು ಪ್ರೀತಿಸುವುದು ಸುಲಭ, ಆಕೆ ಮನೆಯ ಆಸ್ತಿಗೆ ಪಾಲು ಕೇಳದಿದ್ದರೆ.

ಪಾಲು ಕೇಳಿದವರು ಮಿಮಾ ಇತೊ. 2018ರ ನವೆಂಬರಿನ ಸ್ವೀಡಿಷ್ ಓಪನ್‌ನಲ್ಲಿ ಲಿಯು ಶಿವೆನ್, ರಿಯೊ ಚಾಂಪಿಯನ್ ಡಿಂಗ್ ನಿಂಗ್, ಆಗಿನ ನಂಬರ್ ಒನ್ ಝು ಯುಲಿಂಗ್, ಮೂವರನ್ನೂ ಒಂದೇ ಟೂರ್ನಿಯಲ್ಲಿ ಮಲಗಿಸಿದರು. ಫೈನಲ್ 4–0. ಬ್ಯಾಕ್‌ಹ್ಯಾಂಡ್ ಬದಿಗೆ ಪುಟ್ಟ ಗುಬ್ಬಿಗಳು ಹೊರಮುಖವಾಗಿರುವ ಪಿಂಪಲ್ ರಬ್ಬರ್ ಹಾಕಿಕೊಂಡು ಅವರು ಕೊಡುತ್ತಿದ್ದ ಚಪ್ಪಟೆ ಏಟು ಚೀನಾದ ತರಬೇತುದಾರರ ನಿದ್ದೆ ಕೆಡಿಸಿತು. ಅವರಿಗೆ ಸಿಕ್ಕ ಬಿರುದು ‘ಮಹಾ ರಾಕ್ಷಸ’. ಇದೂ ಜನಪ್ರಿಯತೆಯೇ. ಖಳನಾಯಕ ಇಲ್ಲದೆ ಸಿನಿಮಾ ಓಡುವುದಿಲ್ಲ ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇತೊ ಆಡುತ್ತಾರೆಂದರೆ ಸೋಲಲಿ ಎಂದು ಹಾರೈಸಲಿಕ್ಕಾದರೂ ಜನ ನೋಡುತ್ತಿದ್ದರು.

2021ರ ಜುಲೈ 26ರಂದು ಟೋಕಿಯೊ ಒಲಿಂಪಿಕ್ಸ್ ಮಿಶ್ರ ಡಬಲ್ಸ್‌ನಲ್ಲಿ ಅದು ಹದ ಮೀರಿತು. ಇತೊ ಮತ್ತು ಜುನ್ ಮಿಜುತಾನಿ, ಇಬ್ಬರೂ ಇವಾತಾ ಎಂಬ ಒಂದೇ ಊರಿನವರು, ಇತೊ ಚಿಕ್ಕಂದಿನಲ್ಲಿ ಆಡಿ ಬೆಳೆದದ್ದು ಮಿಜುತಾನಿ ಹೆತ್ತವರು ನಡೆಸುತ್ತಿದ್ದ ಕ್ಲಬ್ಬಿನಲ್ಲಿ. ಕ್ವಾರ್ಟರ್ ಫೈನಲ್‌ನ ಕೊನೆಯ ಗೇಮ್‌ನಲ್ಲಿ ಜರ್ಮನ್ ಜೋಡಿಗೆ 2–9 ಹಿಂದಿದ್ದವರು 16–14ರಲ್ಲಿ ಬಚಾವಾದರು. ಫೈನಲ್‌ನಲ್ಲಿ ಶು ಶಿನ್–ಲಿಯು ಶಿವೆನ್ ಜೋಡಿಯನ್ನು 4–3ರಿಂದ ಸೋಲಿಸಿ ಜಪಾನಿಗೆ ಟೇಬಲ್ ಟೆನಿಸ್‌ನ ಮೊದಲ ಒಲಿಂಪಿಕ್ ಚಿನ್ನ ತಂದರು. ಲಿಯು ಶಿವೆನ್ ಕಣ್ಣೀರಿಟ್ಟು ಕ್ಷಮೆ ಕೇಳಿದರು. ವೈಬೊದಲ್ಲಿ ಜಪಾನೀಯರು ಚೆಂಡಿಗೆ ಊದಿದರು, ಕೋವಿಡ್ ನಿಯಮ ಮುರಿದು ಟೇಬಲ್ ಮುಟ್ಟಿದರು ಎಂಬ ದೂರುಗಳ ಸುರಿಮಳೆಯಾಯಿತು. ಮಿಜುತಾನಿ ಇನ್‌ಬಾಕ್ಸ್‌ಗೆ ‘ಸಾಯಿ’ ಎಂಬ ಸಂದೇಶಗಳು ಬಂದವು. ಅವರೇ ಅದನ್ನು ಬಹಿರಂಗವಾಗಿ ಹೇಳಿದರು.

ಹರಿಮೊತೊ ಅಣ್ಣ ತಂಗಿಯರ ಪ್ರಕರಣ ಇನ್ನೂ ಗೋಜಲಿನದು. ತೊಮೊಕಾಜು 2003ರಲ್ಲಿ, ಮಿವಾ 2008ರಲ್ಲಿ ಹುಟ್ಟಿದ್ದು ಸೆಂದಾಯಿಯಲ್ಲೇ. ಆದರೆ ಅಪ್ಪ ಅಮ್ಮ ಚೀನಾದ ಸಿಚುವಾನ್‌ನವರು. ತಾಯಿ ಚೀನಾ ಪರ 1995ರ ವಿಶ್ವ ಚಾಂಪಿಯನ್‌ಷಿಪ್ ಆಡಿದವರು. 2014ರಲ್ಲಿ ಮಕ್ಕಳು ಜಪಾನಿನ ಪೌರತ್ವ ಪಡೆದರು, ಝಾಂಗ್ ಮನೆತನದ ಹೆಸರು ಹರಿಮೊತೊ ಆಯಿತು. ತೊಮೊಕಾಜು 14 ವರ್ಷ 61 ದಿನದ ವಯಸ್ಸಿಗೆ ಜೆಕ್ ಓಪನ್ ಫೈನಲ್‌ನಲ್ಲಿ ಜರ್ಮನಿಯ ಟೀಮೊ ಬೋಲ್ ಅವರನ್ನು ಸೋಲಿಸಿ ವರ್ಲ್ಡ್ ಟೂರ್ ಗೆದ್ದ ಅತಿ ಕಿರಿಯರಾದರು. ಪ್ರತಿ ಅಂಕಕ್ಕೂ ‘ಚೊ-ರೇ’ ಎಂದು ಅವರು ಕೂಗುವ ಕೂಗು ಜಪಾನಿನಲ್ಲಿ ಮಕ್ಕಳ ಅನುಕರಣೆಯ ವಸ್ತು, ಚೀನಾದಲ್ಲಿ ಕಿರಿಕಿರಿಯ ವಸ್ತು. ಅಲ್ಲಿಯ ಪ್ರೇಕ್ಷಕರ ಕಣ್ಣಿಗೆ ಇವರು ಪರಕೀಯರಲ್ಲ, ಬಿಟ್ಟುಹೋದವರು. ಪರಕೀಯರಿಗೆ ಸಿಗುವ ರಿಯಾಯಿತಿ ಬಿಟ್ಟುಹೋದವರಿಗೆ ಸಿಗುವುದಿಲ್ಲ. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಫಾನ್ ಝೆನ್‌ಡಾಂಗ್ ಎದುರು 2–0 ಮುಂದಿದ್ದೂ 3–4ರಲ್ಲಿ ಸೋತ ತೊಮೊಕಾಜುಗೆ ಎರಡೂ ದೇಶಗಳಲ್ಲಿ ಚಪ್ಪಾಳೆ ಸಿಕ್ಕಿತು. ಸೋತಾಗ ಸಿಕ್ಕ ಚಪ್ಪಾಳೆ ಅನ್ನುವುದನ್ನು ಮರೆಯಬಾರದು.

ಈ ಸಾಲಿನಲ್ಲಿ ಹಯಾತಾಗೆ ದಕ್ಕಿದ್ದು ಗೆಳತಿಯ ಪಾತ್ರ. ಸುನ್ ಯಿಂಗ್‌ಶಾ ಕೂಡ 2000ದಲ್ಲೇ ಹುಟ್ಟಿದವರು. ಇಬ್ಬರೂ ಕಿರಿಯರ ಟೂರ್ನಿಗಳಿಂದಲೇ ಎದುರುಬದುರು. ಡರ್ಬನ್ ಸೆಮಿಫೈನಲ್‌ನಲ್ಲಿ ಸುನ್ ಗೆದ್ದರು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲೂ ಸುನ್, ಪ್ಯಾರಿಸ್ ಸೆಮಿಫೈನಲ್‌ನಲ್ಲೂ ಸುನ್, ಅದೂ 4–0. ಹಯಾತಾ ಪ್ರತಿಸಲ ನಗುತ್ತಾ ಕೈಕುಲುಕಿ, ಈ ಹುಡುಗಿಯನ್ನು ಹಿಡಿಯುವುದೇ ನನ್ನ ಗುರಿ ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದರು. ಸುನ್ ಅಭಿಮಾನಿಗಳಿಗೆ ಇದಕ್ಕಿಂತ ಒಳ್ಳೆಯ ಎದುರಾಳಿ ಸಿಗುವುದುಂಟೇ? ಬಲಶಾಲಿ, ಸುಸಂಸ್ಕೃತೆ, ತಮ್ಮ ನಾಯಕಿಯನ್ನು ಹೊಗಳುವವಳು, ಕೊನೆಗೆ ಸೋಲುವವಳು. ಅವರ ಚಿತ್ರಗಳೂ ಸುನ್ ಅಭಿಮಾನಿ ಪುಟಗಳಲ್ಲೇ ಹೆಚ್ಚು ಓಡಾಡಿದವು.

ಪ್ಯಾರಿಸ್ ಆ ಪ್ರೀತಿಯ ನೆತ್ತಿ. ಉತ್ತರ ಕೊರಿಯಾದ ಆಟಗಾರ್ತಿಯ ವಿರುದ್ಧ ಏಳು ಗೇಮುಗಳ ಕ್ವಾರ್ಟರ್ ಫೈನಲ್ ಗೆಲ್ಲುವ ಹೊತ್ತಿಗೆ ಹಯಾತಾ ಎಡಗೈ ಕೆಟ್ಟಿತ್ತು, ಆಡುವ ಕೈಯೇ ಅದು. ಸುನ್ ಎದುರು ನಿಲ್ಲಲಾಗಲಿಲ್ಲ. ಆಗಸ್ಟ್ 3ರಂದು ಕಂಚಿಗಾಗಿ ದಕ್ಷಿಣ ಕೊರಿಯಾದ ಶಿನ್ ಯುಬಿನ್ ವಿರುದ್ಧ ಅದೇ ಕೈಗೆ ಪಟ್ಟಿ ಸುತ್ತಿಕೊಂಡು 4–2ರಲ್ಲಿ ಗೆದ್ದು ಅತ್ತರು. ಸೋತ ಶಿನ್ ಮುಖ ಸಿಂಡರಿಸದೆ ಟೇಬಲ್ ಬಳಸಿ ಬಂದು ಅಪ್ಪಿಕೊಂಡರು. ಕೊರಿಯಾ–ಜಪಾನ್ ಪಂದ್ಯ ಎಂದರೆ ಅದಕ್ಕೂ ವಸಾಹತು ಕಾಲದ ಹಳೆಯ ಗಾಯವಿದೆ. ಆ ಒಂದು ಅಪ್ಪುಗೆಯ ವಿಡಿಯೊ ಸಿಯೋಲ್, ಟೋಕಿಯೊ, ಬೀಜಿಂಗ್ ಮೂರರಲ್ಲೂ ಜನಕ್ಕೆ ಹಿಡಿಸಿತು. ಹತ್ತು ದಿನ ಕಳೆದು ಬಂದದ್ದು ಆ ಪತ್ರಿಕಾಗೋಷ್ಠಿ.

ಕಾಗೊಶಿಮಾದ ಮ್ಯೂಸಿಯಂ ಇರುವುದು ಚಿರಾನ್ ಎಂಬ ಊರಿನಲ್ಲಿ. ಚಹಾ ತೋಟಗಳ ಚೆಂದದ ಊರು. 1945ರ ವಸಂತದಲ್ಲಿ ಒಕಿನಾವಾ ಯುದ್ಧಕ್ಕೆ ಜಪಾನಿನ ಭೂಸೇನೆಯ ಆತ್ಮಾಹುತಿ ವಿಮಾನಗಳು ಹೆಚ್ಚಾಗಿ ಹಾರಿದ್ದು ಇಲ್ಲಿಂದ. ಹಾಗೆ ಸತ್ತ 1,036 ಪೈಲಟ್‌ಗಳ ಚಿತ್ರಗಳು, ಅವರು ಮನೆಗೆ ಬರೆದ ಕೊನೆಯ ಪತ್ರಗಳು ಅಲ್ಲಿವೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಹದಿನೇಳರವರೂ ಇದ್ದರು. ಜಪಾನಿನಲ್ಲಿ ಇದು ಶಾಲಾ ಪ್ರವಾಸದ ಜಾಗ. ಅಮ್ಮನಿಗೆ ಬರೆದ ಪತ್ರ ಓದಿ ಮಕ್ಕಳು ಅಳುತ್ತಾರೆ, ಯುದ್ಧ ಬೇಡ ಎಂದುಕೊಂಡು ಬರುತ್ತಾರೆ. ಕ್ಯೂಶುವಿನ ಹುಡುಗಿ ಹಯಾತಾಗೆ ಅದು ಸಹಜವಾಗಿ ಹೊಳೆದ ಜಾಗ. ಇಪ್ಪತ್ತನಾಲ್ಕರ ತಾನು ಆಟ ಆಡುತ್ತಿದ್ದೇನೆ, ಅದೇ ವಯಸ್ಸಿನವರು ಅಂದು ಸತ್ತರು ಎಂಬ ಕೃತಜ್ಞತೆ ಅವರ ಮಾತಿನ ತಿರುಳು.

ಚೀನಾದಿಂದ ನೋಡಿದರೆ ಅದೇ ಮ್ಯೂಸಿಯಂ ಬೇರೆ. 1937ರಲ್ಲಿ ಚೀನಾದ ನಾನ್‌ಜಿಂಗ್ ನಗರ ಸುಟ್ಟ ಸೈನ್ಯದ ಭಾಗವೇ ಆ ಪೈಲಟ್‌ಗಳು. ಅವರ ಪತ್ರಗಳಿವೆ, ಅವರ ಸೈನ್ಯ ಕೊಂದವರ ಪತ್ರಗಳೆಲ್ಲಿ ಎಂಬುದು ಅಲ್ಲಿಯವರ ಪ್ರಶ್ನೆ. 2014ರಲ್ಲಿ ಈ ಪತ್ರಗಳನ್ನು ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಲು ಜಪಾನಿನಲ್ಲಿ ಪ್ರಯತ್ನ ನಡೆದಾಗಲೇ ಚೀನಾ ಕಟುವಾಗಿ ವಿರೋಧಿಸಿತ್ತು. ಎರಡೂ ಕಡೆಯ ನೋವು ನಿಜ. ಆದರೆ ನನ್ನ ಮಟ್ಟಿಗೆ, ಹಯಾತಾ ಮಾತಿನಲ್ಲಿ ಸೈನಿಕ ವೈಭವದ ಹೊಗಳಿಕೆ ಕಾಣಲಿಲ್ಲ. ಸಮಯ ಮಾತ್ರ ಎಷ್ಟು ಕೆಟ್ಟದ್ದಿರಬಹುದೋ ಅಷ್ಟು ಕೆಟ್ಟದ್ದಾಗಿತ್ತು. ಜಪಾನ್ ಶರಣಾದ ದಿನ ಆಗಸ್ಟ್ 15. ಪ್ರತಿವರ್ಷ ಆ ವಾರ ಎರಡೂ ದೇಶಗಳ ಇಂಟರ್ನೆಟ್ ಹಳೆಯ ಕೆಂಡ ಊದುತ್ತಿರುತ್ತದೆ. ಅದಕ್ಕೆ ಎರಡು ದಿನ ಮೊದಲು ಈ ತುಣುಕು ಗೋಡೆ ದಾಟಿತು.

ಹಾಗಾದರೆ ಸುನ್, ಫಾನ್ ಅನ್‌ಫಾಲೋ ಮಾಡಿದ್ದು ಕೋಪದಿಂದಲೇ? ಮನಸ್ಸಿನ ಮಾತು ಅವರಿಗೇ ಗೊತ್ತು. ಪರಿಸ್ಥಿತಿಯನ್ನಂತೂ ನೋಡಬಹುದು. ಚೀನಾದ ಅಗ್ರ ಆಟಗಾರರು ಸರ್ಕಾರಿ ವ್ಯವಸ್ಥೆಯಲ್ಲಿ ಬೆಳೆದವರು, ರಾಷ್ಟ್ರದ ಮುಖಗಳು. ಅವರ ಫಾಲೋ ಪಟ್ಟಿಯನ್ನು ದಿನವೂ ಎಣಿಸುವವರಿದ್ದಾರೆ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದೂ ಒಂದು ಹೇಳಿಕೆಯಾಗುತ್ತದೆ. ಬಟನ್ ಒತ್ತುವುದಕ್ಕಿಂತ ಒತ್ತದೇ ಇರುವುದಕ್ಕೆ ಹೆಚ್ಚು ಧೈರ್ಯ ಬೇಕು.

ಆ ದಿನಗಳಲ್ಲಿ ಚೀನಾದ ಟಿಟಿ ಅಭಿಮಾನಿ ಲೋಕವೇ ಕುದಿಯುತ್ತಿತ್ತು ಎಂಬುದನ್ನೂ ಸೇರಿಸಿ ನೋಡಬೇಕು. ಹಯಾತಾ ಕಂಚು ಗೆದ್ದ ದಿನವೇ ನಡೆದ ಫೈನಲ್‌ನಲ್ಲಿ ಚೀನಾದ ಚೆನ್ ಮೆಂಗ್, ಚೀನಾದ್ದೇ ಸುನ್ ಯಿಂಗ್‌ಶಾ ಅವರನ್ನು 4–2ರಲ್ಲಿ ಸೋಲಿಸಿದ್ದರು. ಸಭಾಂಗಣದಲ್ಲಿ ಚೀನೀಯರೇ ಚೆನ್ ವಿರುದ್ಧ ಕೂಗಿದರು. ಸ್ವಂತ ದೇಶದ ಚಿನ್ನದ ವಿಜೇತೆಗೆ ಆನ್‌ಲೈನ್‌ನಲ್ಲಿ ಬಿದ್ದ ಬೈಗುಳ ಎಷ್ಟೆಂದರೆ, ಬೀಜಿಂಗ್ ಪೊಲೀಸರು 29 ವರ್ಷದ ಮಹಿಳೆಯೊಬ್ಬರನ್ನು ಬಂಧಿಸಿದರು, ವೈಬೊ ಸಾವಿರಾರು ಪೋಸ್ಟ್ ಅಳಿಸಿತು. ಈಜುಗಾರ ಪಾನ್ ಝಾನ್‌ಲೆ ತನ್ನ ಅಭಿಮಾನಿ ಗುಂಪನ್ನೇ ವಿಸರ್ಜಿಸಿದರು. ಪಾಪ್ ಗಾಯಕರ ಸುತ್ತ ಹುಟ್ಟಿದ್ದ ‘ಫ್ಯಾನ್ ಸರ್ಕಲ್’ ಸಂಸ್ಕೃತಿ ಆಟದ ಅಂಗಳಕ್ಕೆ ಬಂದದ್ದರ ಫಲ ಇದು. ಸಂಘಟಿತವಾಗಿ ಮತ ಹಾಕುವುದು, ನಾಯಕನ ಹೆಸರಿನ ವಸ್ತು ಕೊಳ್ಳುವುದು, ಎದುರಾಳಿಯ ಹೆಸರು ಕೆಡಿಸುವುದು, ವಿಮಾನ ನಿಲ್ದಾಣದಲ್ಲಿ ಮುತ್ತುವುದು. ನಮ್ಮ ಗಾಂಧಿನಗರದ ಸ್ಟಾರ್ ಅಭಿಮಾನಿಗಳ ಸಮರ ಕಂಡವರಿಗೆ ಇದರ ವ್ಯಾಕರಣ ಹೊಸದೇನಲ್ಲ. ಅಂಥ ಸೈನ್ಯಗಳ ನಡುವೆ ಹಯಾತಾ ಒಂದು ಪಡೆಯ ಗೆಳತಿಯಾಗಿದ್ದರು ಅಷ್ಟೆ. ಆಕೆ ಹೊರೆಯಾದ ದಿನ ಆ ಪಡೆಯೇ ಮೊದಲು ಕೈಬಿಟ್ಟಿತು, ಇಲ್ಲದಿದ್ದರೆ ಎದುರು ಪಡೆ ಅದನ್ನೇ ಅಸ್ತ್ರ ಮಾಡಿಕೊಳ್ಳುತ್ತಿತ್ತು.

ಜಪಾನಿನೊಳಗೆ ನಡೆದದ್ದು ತದ್ವಿರುದ್ಧ. ಅಲ್ಲಿಯ ಬಹಳಷ್ಟು ಜನ ಹಯಾತಾ ಬೆನ್ನಿಗೆ ನಿಂತರು, ಟಿಟಿಯ ಗಂಧಗಾಳಿ ಇಲ್ಲದವರೂ ಸೇರಿದರು. ಹೀಗೆ ಬಂದ ಬೆಂಬಲವೂ ಪೂರ್ತಿ ಸಿಹಿಯಲ್ಲ. ಅದರಲ್ಲಿ ಒಂದು ಪಾಲು ಚೀನಾ ವಿರೋಧಕ್ಕಾಗಿ ಅವರ ಹೆಸರನ್ನು ಎರವಲು ಪಡೆದದ್ದು. ಅಲ್ಲಿಯೂ ಒಂದು ಪಾತ್ರ ಸಿದ್ಧವಾಗಿತ್ತು ಅನ್ನಿ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. 2018ರಲ್ಲಿ ಶುರುವಾದ ಜಪಾನಿನ ಟಿ-ಲೀಗ್‌ಗೆ ಟಿಕೆಟ್ ಕೊಳ್ಳುವವರು ಬೇಕು. 2021ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ವೃತ್ತಿಪರ ಸರಣಿ ಡಬ್ಲ್ಯುಟಿಟಿ ಸ್ಟಾರ್‌ಗಳ ಮುಖದ ಮೇಲೆಯೇ ನಿಂತಿದೆ. ಗೈರಾದರೆ ದಂಡ ಎಂಬ ಅದರ ನಿಯಮಕ್ಕೆ ಬೇಸತ್ತು 2024ರ ಡಿಸೆಂಬರಿನಲ್ಲಿ ಫಾನ್ ಝೆನ್‌ಡಾಂಗ್, ಚೆನ್ ಮೆಂಗ್ ಇಬ್ಬರೂ ವಿಶ್ವ ರ್‍ಯಾಂಕಿಂಗ್‌ನಿಂದಲೇ ಹೊರನಡೆದರು. ಜಪಾನಿನ ಬಟರ್‌ಫ್ಲೈ ಕಂಪನಿ ಆಟಗಾರರ ಹೆಸರಲ್ಲೇ ಬ್ಯಾಟಿನ ಹಲಗೆ ಮಾರುತ್ತದೆ. ಹರಿಮೊತೊ ಹೆಸರಿನದು ಬೆಂಗಳೂರಿನ ಕ್ಲಬ್ಬುಗಳ ಮಕ್ಕಳಿಗೂ ಗೊತ್ತು.

ನಮ್ಮವರಿಗೂ ಈ ಲೋಕದೊಳಗೆ ಆಗೊಮ್ಮೆ ಈಗೊಮ್ಮೆ ಬಾಗಿಲು ತೆರೆಯುವುದುಂಟು. 2019ರ ಏಷ್ಯನ್ ಚಾಂಪಿಯನ್‌ಷಿಪ್ ತಂಡ ಸ್ಪರ್ಧೆಯಲ್ಲಿ ಜಿ. ಸತ್ಯನ್ ತೊಮೊಕಾಜುವನ್ನು ಸೋಲಿಸಿದ್ದರು. 2024ರ ಫೆಬ್ರವರಿಯಲ್ಲಿ ಬುಸಾನ್‌ನಲ್ಲಿ ಐಹಿಕಾ ಮುಖರ್ಜಿ ಸ್ಪಿನ್ ಕೊಲ್ಲುವ ರಬ್ಬರ್ ಹಿಡಿದು ಸುನ್ ಯಿಂಗ್‌ಶಾರನ್ನೇ ಮಣಿಸಿದಾಗ ಚೀನಾದ ಅಭಿಮಾನಿಗಳು ಆ ಪಂದ್ಯವನ್ನು ಬಿಡಿಬಿಡಿಯಾಗಿ ಕುಯ್ದು ನೋಡಿದರು. ಪ್ಯಾರಿಸ್‌ನಲ್ಲಿ ಮಣಿಕಾ ಬಾತ್ರಾ ಓಟ ನಿಲ್ಲಿಸಿದ್ದು ಮಿಯು ಹಿರಾನೊ. ಅದೇ ಪ್ಯಾರಿಸ್‌ನಲ್ಲಿ ಜರ್ಮನಿ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಭಾರತಕ್ಕೆ ಸಿಕ್ಕ ಒಂದೇ ಪಂದ್ಯ ಗೆದ್ದವರು ಬೆಂಗಳೂರಿನ ಅರ್ಚನಾ ಕಾಮತ್. ಹಯಾತಾ ಅವರದ್ದೇ ವಯಸ್ಸು, ಇಪ್ಪತ್ತನಾಲ್ಕು. ಪ್ಯಾರಿಸ್‌ನಿಂದ ಬಂದವರೇ ಅರ್ಚನಾ ಆಟ ಬಿಟ್ಟು ಅಮೆರಿಕಕ್ಕೆ ಓದಲು ಹೊರಟರು. ಅವರ ನಿರ್ಧಾರಕ್ಕೆ ಅವರದ್ದೇ ಕಾರಣಗಳಿವೆ. ಆದರೂ ಬೈಯಲಿಕ್ಕಾದರೂ ಕೋಟ್ಯಂತರ ಜನ ನೋಡುವ ಆಟಕ್ಕೂ, ಗೆದ್ದರೂ ಒಳಪುಟದಲ್ಲಿ ಎರಡು ಕಾಲಂ ಸಿಗುವ ಆಟಕ್ಕೂ ವ್ಯತ್ಯಾಸ ಎಷ್ಟು ಎಂಬುದು ಇಲ್ಲಿ ಕಾಣುತ್ತದೆ.

ಹಯಾತಾ ಆಟ ನಿಲ್ಲಿಸಲಿಲ್ಲ. 2025ರ ಜನವರಿಯಲ್ಲಿ ಮಿವಾ ಹರಿಮೊತೊ ಅವರನ್ನು ಸೋಲಿಸಿ ಸತತ ಮೂರನೇ, ಒಟ್ಟು ನಾಲ್ಕನೇ ಬಾರಿ ಜಪಾನಿನ ರಾಷ್ಟ್ರೀಯ ಚಾಂಪಿಯನ್ ಆದರು. ಚೀನಾದ ಪ್ರೇಕ್ಷಕರ ಕಣ್ಣು ಅಷ್ಟರಲ್ಲಾಗಲೇ ಮಿವಾ ಮೇಲೆ ನೆಟ್ಟಿತ್ತು. ಹದಿನಾರಕ್ಕೇ ಒಲಿಂಪಿಕ್ ಬೆಳ್ಳಿ ಗೆದ್ದ ತಂಡದಲ್ಲಿದ್ದ ಹುಡುಗಿ, 2024ರ ಅಕ್ಟೋಬರಿನಲ್ಲಿ ಅಸ್ತಾನಾದಲ್ಲಿ ಚೀನಾವನ್ನು ಸೋಲಿಸಿ ಏಷ್ಯನ್ ತಂಡ ಪ್ರಶಸ್ತಿ ಗೆದ್ದ ಜಪಾನ್ ಬಳಗದಲ್ಲೂ ಇದ್ದರು. ಅಲ್ಲೇ ಅಣ್ಣ ತೊಮೊಕಾಜು ಏಷ್ಯನ್ ಸಿಂಗಲ್ಸ್ ಪಟ್ಟ ಗೆದ್ದರು, ಜಪಾನಿನ ಪುರುಷರಿಗೆ 1974ರ ನಂತರ ಮೊದಲ ಬಾರಿ. ಮಿವಾಗೆ ಯಾವ ಪಾತ್ರ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ‘ಬಿಟ್ಟುಹೋದವರ ಮಗಳು’ ಅನ್ನುವವರೂ ಇದ್ದಾರೆ, ಆಕೆಯ ಫೋರ್‌ಹ್ಯಾಂಡ್ ನೋಡಿ ಹೊಟ್ಟೆಕಿಚ್ಚಿನಿಂದಲೇ ಮೆಚ್ಚುವವರೂ ಇದ್ದಾರೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಈ ಲೆಕ್ಕವನ್ನು ಇನ್ನಷ್ಟು ಕಲಕಲಿದೆ. ಪುರುಷರ, ಮಹಿಳೆಯರ ಪ್ರತ್ಯೇಕ ತಂಡ ಸ್ಪರ್ಧೆ ಅಲ್ಲಿರುವುದಿಲ್ಲ, ಬದಲಿಗೆ ಮಿಶ್ರ ತಂಡ. ಸಿಂಗಲ್ಸ್ ತಾರೆಗಳ ಹೆಸರಲ್ಲಿ ಕಿತ್ತಾಡುವ ಅಭಿಮಾನಿ ಪಡೆಗಳು ಒಂದೇ ತಂಡಕ್ಕೆ ಕೂಗಬೇಕಾಗುತ್ತದೆ. ಎದುರು ಬದಿಯ ಜಪಾನ್ ಬೆಂಚಿನ ಮೇಲೆ ಹರಿಮೊತೊ ಅಣ್ಣ ತಂಗಿ ಇಬ್ಬರೂ, ಅವರ ಪಕ್ಕದಲ್ಲಿ ಬಹುಶಃ ಹಯಾತಾ ಕೂಡ ಕೂತಿರಬಹುದು.